ಸುಟ್ಟ ಅಂಚು

ಅಕ್ಕ ಮುದುಕಮ್ಮ ಕುರ್ಚಿ ತಪ್ಪಿ ನೆಲದ ಮೇಲೆ ಕೂತಾಗ ಮರಿಸ್ವಾಮಿಗೆ ಮೊದಲು ಬಂದದ್ದು ಸಿಟ್ಟು. ಕರುಣೆ ಆಮೇಲೆ ಬಂದಿರಬಹುದು, ಬಂದಿತೋ ಇಲ್ಲವೋ ಅವನಿಗೇ ನೆನಪಿಲ್ಲ. ಸಿಟ್ಟು ಮಾತ್ರ ಥಟ್ಟನೆ ಬಂತು. ಹೊಸಪೇಟೆಯ ಆ ಕಣ್ಣಿನ ಆಸ್ಪತ್ರೆಯ ಪಡಸಾಲೆಯಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ ಕೂತಿದ್ದರು. ಎಲ್ಲರಿಗೂ ಕಣ್ಣಿನದೇ ತಾಪತ್ರಯ, ಒಬ್ಬನಿಗೆ ಪಟ್ಟಿ, ಒಬ್ಬಳಿಗೆ ಕರಿ ಕನ್ನಡಕ, ಆದರೂ ಅಕ್ಕ ಬಿದ್ದದ್ದು ಮಾತ್ರ ಎಲ್ಲರಿಗೂ ಚೆನ್ನಾಗಿ ಕಂಡಿತು. ಕುರ್ಚಿ ಅಲ್ಲೇ ಇತ್ತು, ನೀಲಿ ಪ್ಲಾಸ್ಟಿಕ್ಕಿನದು, ಅವಳ ಎಡಕ್ಕೆ ಗೇಣು ದೂರದಲ್ಲಿ. ಅವಳು ಕೈಯಾಡಿಸಿ ಅದರ ಬೆನ್ನು ಹಿಡಿದದ್ದನ್ನೂ ಅವನು ನೋಡಿದ್ದ. ಹಿಡಿದ ಮೇಲೂ ಬೇರೆಲ್ಲೋ ಕೂತಳು. "ನೋಡಿ ಕುಂದ್ರಾಕ ಏನಾಗೇತಿ ನಿನಗ?" ಎಂದು ಹಲ್ಲು ಕಚ್ಚಿ ಗದರಿದ. ಅಕ್ಕ ನಕ್ಕಳು. "ನೆಲಾನ ತಂಪೈತಿ ಬಿಡಪಾ," ಅಂದಳು, ತಾನೇ ಬೇಕೆಂದು ಅಲ್ಲಿ ಕೂತವಳ ಹಾಗೆ ಸೆರಗು ಸರಿಮಾಡಿಕೊಂಡಳು. ಅರವತ್ತೇಳು ವರ್ಷದ ಹೆಂಗಸು ಹೀಗೆ ನಕ್ಕು ತಮ್ಮನ ಮಾನವನ್ನೇ ಬಚಾವು ಮಾಡುತ್ತಾಳಲ್ಲ ಎಂದು ಅವನ ಸಿಟ್ಟು ಇನ್ನೂ ಏರಿತು. ಅಷ್ಟರಲ್ಲಿ ತಿಳಿಹಸಿರು ಕೋಟಿನ ಹುಡುಗಿಯೊಬ್ಬಳು, ಎದೆಯ ಮೇಲೆ ಭವ್ಯ ಎಂದು ಹೆಸರು ತಗುಲಿಸಿಕೊಂಡವಳು, ಓಡಿ ಬಂದು ಎಬ್ಬಿಸಿದಳು. ಎಬ್ಬಿಸಿದವಳು ಸುಮ್ಮನೆ ಹೋಗಲಿಲ್ಲ. ಅಕ್ಕನ ಎಡಗಣ್ಣಿನ ಮುಂದೆ ಅಂಗೈ ಆಡಿಸಿದಳು. ರೆಪ್ಪೆ ಅಲುಗಲಿಲ್ಲ. "ಅಜ್ಜೀ, ಈ ಕಣ್ಣು ಕಾಣ್ಸುತ್ತಾ?" ಮರಿಸ್ವಾಮಿ ನಡುವೆ ಬಾಯಿ ಹಾಕಿದ: "ವಯಸ್ಸಾತಲ್ರಿ, ಪೊರಿ ಬಂದೇತಿ." ಭವ್ಯ ಅವನ ಕಡೆ ತಿರುಗದೆಯೇ, "ನಾನು ಅವರನ್ನ ಕೇಳಿದ್ದು," ಅಂದಳು. ಪಕ್ಕದಲ್ಲಿದ್ದ ಪಟ್ಟಿ ಕಣ್ಣಿನವನು ಕೆಮ್ಮಿದ. ಅದು ನಗೆಯನ್ನು ಮುಚ್ಚಿದ ಕೆಮ್ಮು ಎಂದು ಮರಿಸ್ವಾಮಿಗೆ ಖಾತ್ರಿಯಾಯಿತು.

ಇವಳನ್ನು ಕರೆದುಕೊಂಡೇ ಬರಬಾರದಿತ್ತು. ಬಂದದ್ದು ಅವನ ಕಣ್ಣಿನ ಮೂರನೇ ಲೇಸರಿಗೆ. ಕಣ್ಣಿಗೆ ಹನಿ ಹಾಕಿದ ಮೇಲೆ ಅರ್ಧ ದಿನ ಎಲ್ಲ ಮಸುಕು, ಒಬ್ಬರು ಜೊತೆಗಿರಲೇಬೇಕು ಎಂಬುದು ಇಲ್ಲಿನ ನಿಯಮ. ಮೊದಲೆರಡು ಸಲ ಮಗ ಈಶ್ವರ್ ಬಂದಿದ್ದ. ಈ ಸಲ ಅವನಿಗೆ ಯಶವಂತನಗರದ ಗಣಿಯಲ್ಲಿ ಬೆಳಗಿನ ಪಾಳಿ, ರಜೆ ಕೊಡಲಿಲ್ಲ. ಹೆಂಡತಿ ಗಂಗಾಂಬಿಕಾ ತಂಗಿಯ ಮಗಳ ಸೀಮಂತಕ್ಕೆ ಸಂಡೂರಿಗೆ ಹೋಗಿದ್ದಳು. ಮರಿಸ್ವಾಮಿ ಆಚೆಮನೆಯ ಯಲ್ಲೇಶನನ್ನು ಗೊತ್ತುಮಾಡಿ ಇಟ್ಟಿದ್ದ, ಎರಡು ದಿನ ಮೊದಲೇ. ಯಲ್ಲೇಶ ಬೆಳಗಿನ ಐದಕ್ಕೆ ಫೋನು ಮಾಡಿ ಜ್ವರ ಎಂದ. ಅಷ್ಟು ಕೇಳಿದ್ದೇ ತಡ, ಅಕ್ಕ ಒಲೆಯ ಮುಂದಿನಿಂದ ಎದ್ದು, "ನಾ ಬರ್ತೀನಿ ತಗೋ, ಮೂರನೇ ಸಲ ಸುಡಿಸ್ಕೊಳ್ಳಾಕ ಹೊಂಟಿ, ಒಬ್ಬನ್ನ ಕಳಸ್ಲೇನು?" ಎಂದು ಹಬ್ಬದ ಸೀರೆ ಉಟ್ಟು ನಿಂತಳು. ಬೇಡವೆನ್ನಲು ಅವನಿಗೆ ಕಾರಣ ಸಿಗಲಿಲ್ಲ. ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು, ಜಾತ್ರೆಗೆ ಹೊರಟ ಹುಡುಗಿಯ ಹಾಗೆ ಖುಷಿಯಾಗಿದ್ದಳು. ದಾರಿಯುದ್ದಕ್ಕೂ ಕಾಲುವೆ ಬಸ್ಸಿನ ಪಕ್ಕದಲ್ಲೇ ಓಡುತ್ತಿತ್ತು, ಎರಡೂ ದಂಡೆ ತುಂಬಿ, ಬಿಸಿಲಿಗೆ ಕಣ್ಣು ಕುಕ್ಕುವಷ್ಟು. "ಕಾಲುವ್ಯಾಗ ನೀರು ಬಿಟ್ಟಾರೇನೋ ಮರೀ?" ಎಂದು ಕೇಳಿದಳು. ಮೂವತ್ತು ವರ್ಷದಿಂದ ಆ ಕಾಲುವೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿ ಅವನು. ತೂಬಿನ ಕೀಲಿ ಅವನ ಸೊಂಟದಲ್ಲಿತ್ತು. "ಬಿಟ್ಟಾರ," ಅಂದ. ಮುಂದಿನ ಸೀಟಿನ ಹೆಂಗಸು ತಿರುಗಿ ಅಕ್ಕನನ್ನು ನೋಡಿ, ಆಮೇಲೆ ಅವನನ್ನು ನೋಡಿದಳು.

ಎರಡು ವರ್ಷದ ಹಿಂದೆ ಊರಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪು ನಡೆದಿತ್ತು. ಶುಗರ್ ಇದ್ದವರೆಲ್ಲ ಬರಬೇಕು ಎಂದು ಆಟೋದಲ್ಲಿ ಮೈಕು ಕೂಗಿಸಿದ್ದರು. ಅಕ್ಕ ತಮ್ಮ ಇಬ್ಬರಿಗೂ ಶುಗರ್, ಅಪ್ಪನಿಂದ ಬಂದ ಆಸ್ತಿ ಅದೊಂದೇ ಎಂದು ಅವನು ತಮಾಷೆ ಮಾಡುತ್ತಿದ್ದ. ಇಬ್ಬರೂ ಹೋದರು. ಅಲ್ಲಿನ ಡಾಕ್ಟರು ಇಬ್ಬರ ಕಣ್ಣಿಗೂ ಬೆಳಕು ಬಿಟ್ಟು ನೋಡಿ, ಇಬ್ಬರಿಗೂ ಒಂದೊಂದು ಚೀಟಿ ಬರೆದು, ಅಕ್ಕನಿಗೆ ಓದಲು ಬಾರದೆಂದು ಎರಡನ್ನೂ ಅವನ ಕೈಗೆ ಕೊಟ್ಟಿದ್ದರು. "ಇಬ್ಬರಿಗೂ ಲೇಸರ್ ಆಗಬೇಕು, ತಡ ಮಾಡಬೇಡಿ. ಅವರದು ನಿಮಗಿಂತ ಮುಂದಕ್ಕೆ ಹೋಗಿದೆ." ಅಕ್ಕ ಆಗ ಅಂಗಳದಲ್ಲಿ ಓಣಿಯ ಉಚ್ಚೆಂಗಮ್ಮನ ಜೊತೆ ಮಾತಾಡುತ್ತಿದ್ದಳು. ಮನೆಗೆ ಬರುವ ದಾರಿಯಲ್ಲಿ, "ಏನಂದ್ರೋ?" ಎಂದಳು. ಅವನು "ನನಗ ಲೇಸರ್ ಹಾಕ್ಬೇಕಂತ" ಅಂದ. "ನನಗ?" ಆಗ ಒಂದು ಗಳಿಗೆ ಇತ್ತು. ಆ ಗಳಿಗೆಯನ್ನು ಅವನು ಎಷ್ಟು ಸಲ ನೆನೆಸಿಕೊಂಡಿದ್ದಾನೋ, ನೆನೆದಷ್ಟೂ ಅದು ಉದ್ದವಾಗುತ್ತ ಬಂದಿದೆ. ಗಂಗಾಂಬಿಕಾಳ ಮೊಣಕಾಲು ಮಡಚುವುದಿಲ್ಲ. ಇವಳೂ ಆಸ್ಪತ್ರೆ ಹಿಡಿದರೆ ರೊಟ್ಟಿ ಬಡಿಯುವವರು ಯಾರು, ಎಮ್ಮೆ ಹಿಂಡುವವರು ಯಾರು? ಮೊದಲು ತನ್ನದು ಮುಗಿಯಲಿ. ಒಂದು ಮನೆಯಲ್ಲಿ ಒಬ್ಬರು ಮಲಗಿದರೆ ಸಾಕು. ಇಷ್ಟೇ ಅವನು ಅಂದುಕೊಂಡದ್ದು, ಕೊಲೆಗಾರನೇನೂ ಅಲ್ಲ. "ನಿನಗೇನಿಲ್ಲ, ವಯಸ್ಸಿಂದು," ಅಂದ. ಅವಳ ಚೀಟಿ ಅವನ ಅಂಗಿಯ ಜೇಬಿನಲ್ಲಿತ್ತು, ಅಂಗಿ ಒಗೆಯಲು ಹೋಯಿತು. ಒಗೆದವಳೂ ಅವಳೇ.

ಲೇಸರಿನ ಮೊದಲ ಸರತಿ ಆದ ದಿನ ಅವನು ಮನೆಗೆ ಬಂದದ್ದು ಹೆದರಿಕೆಯ ಬಿಗುವಿನಲ್ಲಿ. ಕಣ್ಣಿಗೆ ಆದದ್ದು ಅಷ್ಟೇನಲ್ಲ: ಹಸಿರು ಮಿಂಚು, ಎರಡು ಕಡೆ ಚುರುಕ್ ಎಂದಿತ್ತು, ಆಮೇಲೊಂದು ಮಂಕು ತಲೆನೋವು. ಆದರೆ ಬಾಗಿಲಲ್ಲಿ ಅಕ್ಕ ಗಾಬರಿಯಾಗಿ, "ನೋವಾತೇನೋ ಮರೀ?" ಎಂದಾಗ, ಒಳಗಿನಿಂದ ಏನೋ ಕರಗಿ, ಅವನು "ಯವ್ವಾ" ಎಂದುಬಿಟ್ಟ. ಆ ಒಂದು ಮಾತಿಗೆ ಮನೆಯೇ ತಣ್ಣಗಾಯಿತು. ಟಿವಿ ಬಂದಾಯಿತು. ಎಂದೂ ಹತ್ತಿರ ಕೂರದ ಮಗ ಮಂಚದ ತುದಿಗೆ ಬಂದು ಕೂತ. ಗಂಗಾಂಬಿಕಾ ಕೂಡ ಕುಂಟುತ್ತ ಬಂದು ಹಣೆ ಮುಟ್ಟಿದಳು. ಅಕ್ಕ ಅನ್ನ ಹಾಲು ಕಲಸಿ ತುತ್ತು ಮಾಡಿ ಇಟ್ಟಳು. ಐವತ್ತಾರು ವರ್ಷದ ಗಂಡಸಿಗೆ ಆ ಎರಡು ದಿನ ಸಿಕ್ಕ ಸುಖ ಮದುವೆಯಾದಾಗಲೂ ಸಿಕ್ಕಿರಲಿಲ್ಲ. "ಕಾಯಿಸಿದ ಸೂಜಿ ತಗೊಂಡು ಕಣ್ಣಿನ ಗುಡ್ಡಿಗೆ ಚುಚ್ಚಿದಂಗ ಅಕ್ಕಾ, ಒಂದಲ್ಲ ಎರಡಲ್ಲ, ಐನೂರು ಸಲ," ಎಂದು ಹೇಳಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳು ಅತ್ತಷ್ಟೂ ಅವನಿಗೆ ಹೇಳಲು ಇನ್ನಷ್ಟು ಸಿಕ್ಕಿತು. ಇದು ಅವನಿಗೆ ಹೊಸದಲ್ಲ. ಕೆಳಗಿನ ತೂಬಿನ ಎರ್ರಿಯಪ್ಪ ಹದಿನೈದು ದಿನವಾದರೂ ಗದ್ದೆಗೆ ನೀರು ಬರಲಿಲ್ಲವೆಂದು ಜಗಳಕ್ಕೆ ಬಂದಾಗ, ಮೇಲಿನ ತೂಬಿನವರಿಗೆ ತಾನೇ ನೀರು ತಿರುಗಿಸಿದ್ದನ್ನು ಮುಚ್ಚಿಟ್ಟು, ಕಾಲುವೆ ಒಡೆದ ಕತೆ, ಮೂರು ದಿನ ಎದೆಮಟ್ಟ ನೀರಲ್ಲಿ ನಿಂತು ಮೂಟೆ ಜೋಡಿಸಿದ ಕತೆ ಹೇಳಿದ್ದ. ಬೈಯಲು ಬಂದ ಎರ್ರಿಯಪ್ಪ ಕೊನೆಗೆ ಇವನಿಗೇ ಸಮಾಧಾನ ಹೇಳಿ, ಬೀಡಿ ಕೊಟ್ಟು ಹೋಗಿದ್ದ. ತನ್ನ ಕಷ್ಟವನ್ನು ಜನ ನಂಬುತ್ತಾರೆ ಎಂಬುದು ಮರಿಸ್ವಾಮಿಗೆ ಗೊತ್ತಿತ್ತು. ಅದು ಅವನ ಕಸುಬಿನ ಅರ್ಧ ಭಾಗ.

ಎರಡನೇ ಸರತಿಯ ಹೊತ್ತಿಗೆ ಸುಳ್ಳು ಮನೆಯ ಸಾಮಾನಾಗಿತ್ತು. ಅಕ್ಕ ಸೋಮವಾರ ಒಪ್ಪತ್ತು ಹಿಡಿದಿದ್ದಳು, ತಮ್ಮನ ಕಣ್ಣಿಗಾಗಿ. ಉಪವಾಸದಲ್ಲಿ ಶುಗರ್ ಇಳಿದು ಒಮ್ಮೆ ಹಿತ್ತಲಲ್ಲಿ ತಲೆ ತಿರುಗಿ ಬಿದ್ದಿದ್ದಳು ಕೂಡ. ಅವಳ ಕಣ್ಣು ಮಂಜಾಗುತ್ತಿತ್ತು. ಉಪ್ಪಿನ ಬದಲು ಸೋಡಾ ಹಾಕಿದಳು, ದೀಪದ ಬತ್ತಿಯ ಪಕ್ಕದಲ್ಲಿ ಗಾಳಿಗೆ ಕಡ್ಡಿ ಹಿಡಿದಳು. ಒಂದು ಸಲ, ಒಂದೇ ಸಲ, "ನನಗೂ ಆ ಲೇಸರ್ ಹಾಕ್ಸಿದ್ರ ಹೆಂಗೋ?" ಎಂದು ಕೇಳಿದ್ದಳು. ಅವನು ಥಟ್ಟನೆ ಅಂದಿದ್ದ: "ನಿನ್ನ ಕೈಲಿ ಆಗಲ್ಲಕ್ಕಾ. ನಾ ಗಂಡಸು, ನನಗ ಜೀವ ಹೋಗಿ ಬಂತು. ಭಾಳ ಮಂದಿಗೆ ಇದ್ದ ಕಣ್ಣೂ ಹೋಗೇತಿ." ಕೊನೆಯ ಮಾತು ಊರಿನವರು ಆಡುವುದೇ. ಕಣ್ಣು ಮುಕ್ಕಾಲು ಹೋದ ಮೇಲೆ ಲೇಸರಿಗೆ ಹೋಗುತ್ತಾರೆ, ಉಳಿದ ಕಾಲು ಉಳಿಯದಿದ್ದಾಗ ಲೇಸರೇ ತಿಂದಿತು ಎನ್ನುತ್ತಾರೆ. ಅವನಿಗೆ ಅದು ಸುಳ್ಳೆಂದು ಗೊತ್ತಿತ್ತು, ಹೊಸಪೇಟೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಆದರೂ ಊರಿನ ಬಾಯಲ್ಲಿದ್ದದ್ದನ್ನು ಎತ್ತಿ ಅಕ್ಕನ ಮುಂದಿಟ್ಟ. ಅವಳು ಮತ್ತೆ ಕೇಳಲಿಲ್ಲ.

"ಮರಿಸ್ವಾಮಿ ಯಾರ್ರೀ? ಒಳಗ ಬರ್ರಿ."

ಕತ್ತಲೆ ಕೋಣೆ. ಗಲ್ಲವನ್ನು ಯಂತ್ರದ ಬಟ್ಟಲಿನಲ್ಲಿ ಇಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ, ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿಸಿಕೊಂಡು ಕೂತ. ಡಾಕ್ಟರಮ್ಮ ಗಾಜಿನ ಬಿಲ್ಲೆಯೊಂದನ್ನು ಗುಡ್ಡೆಗೆ ಅಂಟಿಸಿದರು. ಹಸಿರು ಬೆಳಕು ಟಕ್, ಟಕ್, ಟಕ್. ಈ ಡಾಕ್ಟರಮ್ಮ ಕೈ ಕೆಲಸ ಮಾಡುವಾಗ ಮಾತಾಡುತ್ತಲೇ ಇರುವ ಸ್ವಭಾವದವರು, ಪೇಶಂಟು ಅಲುಗದಿರಲಿ ಎಂದೋ ಏನೋ. ಹೋದ ತಿಂಗಳು ತೆಗೆದ ಫೋಟೋ, ಮೊದಲಿನ ಫೋಟೋ ಎರಡನ್ನೂ ಪರದೆಯ ಮೇಲೆ ಹಾಕಿ ಆಗಲೇ ತೋರಿಸಿದ್ದರು: ಮೊದಲು ಉಬ್ಬಿ ಸುತ್ತಿಕೊಂಡಿದ್ದ ಕೆಂಪು ನರಗಳು ಈಗ ಸಣ್ಣಗಾಗಿವೆ. "ರಕ್ತ ಕಮ್ಮಿ ಹರೀತೈತಿ ಅಂದ್ರ ಕಣ್ಣು ಒಣಗಲ್ಲೇನ್ರಿ?" ಎಂದು ಅವನು ಕೇಳಿದ್ದಕ್ಕೆ ಈಗ ಉತ್ತರ ಬಂತು. "ನೀವು ನೀರುಗಂಟಿ ಅಲ್ವಾ, ನಿಮಗೆ ಬೇಗ ತಿಳೀಬೇಕು. ಕಣ್ಣಿನ ಪರದೆಯ ಅಂಚಿಗೆ ರಕ್ತ ಸಾಲದೆ ಇರುತ್ತೆ. ಅದು ಬೇಕು ಬೇಕು ಅಂತ ಗಲಾಟೆ ಮಾಡುತ್ತೆ. ಆ ಗಲಾಟೆಗೆ ಹೊಸ ನರ ಹುಟ್ಟುತ್ತವೆ, ಎಲ್ಲ ಕಚ್ಚಾ ನರ, ಒಡೆದು ಕಣ್ಣೊಳಗೇ ರಕ್ತ ಸುರಿಯುತ್ತೆ. ಅದಕ್ಕೆ ಅಂಚನ್ನ ಅಲ್ಲಲ್ಲಿ ಸುಟ್ಟುಬಿಡ್ತೀವಿ. ಸುಟ್ಟ ಜಾಗ ಏನೂ ಕೇಳೋದಿಲ್ಲ. ಕೇಳೋರು ಕಮ್ಮಿಯಾದಾಗ ಹರಿಯೋದೂ ಕಮ್ಮಿಯಾಗುತ್ತೆ, ಇರೋ ರಕ್ತ ನಡುವಿನ ದೃಷ್ಟಿಗೆ ಸಾಕಾಗುತ್ತೆ. ಪಕ್ಕದ್ದು ಸ್ವಲ್ಪ ಕಾಣಲ್ಲ, ಸಂಜೆಗತ್ತಲಲ್ಲಿ ತೊಂದರೆ. ಆದರೆ ಎದುರಿಗಿರೋದು ಉಳಿಯುತ್ತೆ." ಟಕ್, ಟಕ್. ಮರಿಸ್ವಾಮಿಗೆ ಬಹಳ ಬೇಗ ತಿಳಿಯಿತು. ಮೂವತ್ತು ವರ್ಷ ಮಾಡಿದ್ದನ್ನೇ ಯಾರೋ ಓದಿದವರು ಶಾಸ್ತ್ರ ಮಾಡಿ ಹೇಳಿದಂತಿತ್ತು. ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ, ಗಲ್ಲ ಅಲುಗಿಸುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ, ಆ ಹಸಿರಿನ ನಡುವೆ ಅಕ್ಕ ಹುಡುಗಿಯಾಗಿ ಬಂದಳು. ಅವನಿಗೆ ಆರು ವರ್ಷವೋ ಏಳೋ, ಕಣ್ಣುಬೇನೆ ಬಂದು ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡು ಬಿಡಿಸಲಾರದೆ ಕುರುಡಾದೆನೆಂದು ಕಿರುಚಿದ್ದ. ಅವ್ವ ಹೊಲಕ್ಕೆ ಹೋಗಿದ್ದಳು. ಹದಿನೈದರ ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೀರು ಹಾಕಿದರೆ ಉರಿ ಎಂದು ಅತ್ತಾಗ, ನಾಲಿಗೆಯಿಂದ ಆ ಕೀವುಗಟ್ಟಿದ ರೆಪ್ಪೆಗಳನ್ನು ನೆಕ್ಕಿ ನೆಕ್ಕಿ ಬಿಡಿಸಿದ್ದಳು. ಬೆಳಕು ಬಂದಾಗ ಮೊದಲು ಕಂಡದ್ದು ಅವಳ ಮೂಗುಬೊಟ್ಟು. ಮರುವರ್ಷ ಮದುವೆಯಾಗಿ ಹೋದಳು, ಮೂರೇ ವರ್ಷಕ್ಕೆ ಗಂಡ ತೀರಿಕೊಂಡು ತಿರುಗಿ ಬಂದಳು. ಅಂದಿನಿಂದ ಅಡುಗೆಮನೆ ಬಿಟ್ಟವಳಲ್ಲ. "ಅಲುಗಬೇಡಿ," ಎಂದರು ಡಾಕ್ಟರಮ್ಮ. "ನೋಯ್ತಾ ಇದೆಯಾ?" "ಇಲ್ರಿ," ಅಂದ. ನಿಜವನ್ನೇ ಹೇಳಿದ. ಇಲ್ಲಿ ನಿಜ ಹೇಳುವುದು ಕಷ್ಟವಿರಲಿಲ್ಲ.

ಮುಗಿಸಿ ಬಿಲ್ಲೆ ತೆಗೆಯುವ ಹೊತ್ತಿಗೆ ಭವ್ಯ ಒಳಗೆ ಬಂದು ಡಾಕ್ಟರಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಅವರು ಎದ್ದು ಪಕ್ಕದ ಕೋಣೆಗೆ ಹೋದರು. ಮರಿಸ್ವಾಮಿಗೆ ಅಲ್ಲಿನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು: "ಮೇಲೆ ನೋಡಮ್ಮ... ಕೆಳಗೆ... ಎಷ್ಟು ವರ್ಷದಿಂದ ಶುಗರ್?" ಅಕ್ಕನ ದನಿಯಲ್ಲಿ ಸಂಕೋಚ, ಯಾರದೋ ಮನೆಯಲ್ಲಿ ಹಾಲು ಕುಡಿಯುವವಳ ಹಾಗೆ. ಕಾಲುಗಂಟೆಯಾಯಿತು. ಎದ್ದು ಹೋಗಿ ಅವಳನ್ನು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿಬಿಡಬೇಕೆನಿಸಿತು. ಆದರೆ ಹನಿಯ ಕಣ್ಣಿಗೆ ಬಾಗಿಲು ಕೂಡ ಎರಡೆರಡಾಗಿ ಕಾಣುತ್ತಿತ್ತು. ಡಾಕ್ಟರಮ್ಮ ತಿರುಗಿ ಬಂದಾಗ ಮೊದಲಿನ ಸಲಿಗೆ ಇರಲಿಲ್ಲ. "ಅವರು ನಿಮ್ಮ ಸ್ವಂತ ಅಕ್ಕನಾ?" "ಹೌದ್ರಿ." "ನಿಮ್ಮದೇ ಕಾಯಿಲೆ. ಎಡಗಣ್ಣು ಮುಗಿದಿದೆ, ಪರದೆ ಕಿತ್ತು ಬಂದಿದೆ, ಏನೂ ಮಾಡೋಕಾಗಲ್ಲ. ಬಲಗಣ್ಣಲ್ಲಿ ನರ ಹುಟ್ಟಿ ನಿಂತಿವೆ, ಇವತ್ತು ಒಡೆಯುತ್ತೋ ನಾಳೆ ಒಡೆಯುತ್ತೋ ಹೇಳಲಾರೆ. ಇವತ್ತೇ ಲೇಸರ್ ಶುರು ಮಾಡಿದರೆ ಆ ಒಂದು ಕಣ್ಣು ಉಳಿಸಬಹುದು. ನೀವು ಎರಡು ವರ್ಷದಿಂದ ಇಲ್ಲಿಗೆ ಬರ್ತಿದ್ದೀರಿ. ಅವರಿಗೆ ಯಾರೂ ಏನೂ ಹೇಳಲಿಲ್ವಾ?" ಮರಿಸ್ವಾಮಿಯ ಬಾಯಿ ತಾನೇ ತೆರೆದುಕೊಂಡಿತು: "ಹೇಳೀವ್ರಿ. ಭಾಳ ಸಲ ಹೇಳೀವಿ. ಆಕೀನ ಒಲ್ಲೆ ಅಂತಾಳ. ಭಾಳ ಅಂಜ್ತಾಳ್ರಿ." ಇಷ್ಟು ಸಲೀಸಾಗಿ ಬಂದ ಮಾತಿಗೆ ಅವನೇ ಬೆರಗಾದ. ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, "ಹೋಗಿ ಒಪ್ಪಿಸಿ. ಹತ್ತು ನಿಮಿಷ ಕೊಡ್ತೀನಿ," ಅಂದರು.

ಒಪ್ಪಿಸಬೇಕು. ಪಡಸಾಲೆಗೆ ಗೋಡೆ ಹಿಡಿದು ಬರುವಾಗ ಅವನು ನಿಜಕ್ಕೂ ಒಪ್ಪಿಸುವುದೆಂದೇ ಬಂದ. ಒಂದು ಕಣ್ಣಾದರೂ ಉಳಿಯಲಿ, ತನ್ನನ್ನು ಬೆಳೆಸಿದವಳು, ಇನ್ನೇನು ಉಳಿದಿದೆ ಅವಳಿಗೆ. ಹತ್ತು ಹೆಜ್ಜೆಯಷ್ಟು ದೂರ ಆ ನಿರ್ಧಾರ ಅವನ ಜೊತೆಗೇ ಬಂತು. ಹನ್ನೊಂದನೆಯದರಲ್ಲಿ ಇನ್ನೊಂದು ಹೊಳೆಯಿತು. ಅವಳು ಆ ಯಂತ್ರದ ಮುಂದೆ ಗಲ್ಲ ಇಟ್ಟರೆ ಕಾಲುಗಂಟೆಯಲ್ಲಿ ಎಲ್ಲ ತಿಳಿದುಹೋಗುತ್ತದೆ. ಕಾಯಿಸಿದ ಸೂಜಿ ಇಲ್ಲ, ಐನೂರು ಚುಚ್ಚು ಇಲ್ಲ. ಒಂದು ಹಸಿರು ಮಿಂಚು, ಒಂದು ಚುರುಕ್ಕು. ಇಷ್ಟಕ್ಕೆ ಅವನು ಎರಡೆರಡು ದಿನ ನರಳಿದ್ದ. ಇಷ್ಟಕ್ಕೆ ಅವಳು ಉಪವಾಸ ಬಿದ್ದಿದ್ದಳು. ಇಷ್ಟನ್ನು ಅವಳಿಗೆ ತಪ್ಪಿಸಿ ಒಂದು ಕಣ್ಣು ಕಳೆದಿದ್ದ. ಕುರುಡಿಯಾದರೆ ಅವಳು ಮನೆಯಲ್ಲೇ ಒಂದು ಮೂಲೆಯಲ್ಲಿರುತ್ತಾಳೆ, ಕೊನೆಯವರೆಗೂ ಅವನನ್ನು ಹರಸುತ್ತ ಇರುತ್ತಾಳೆ. ಕಣ್ಣು ಉಳಿದರೆ ಆ ಕಣ್ಣು ಅವನನ್ನು ನೋಡುತ್ತದೆ. ಮರಿಸ್ವಾಮಿಗೆ ಇದು ಇಷ್ಟು ಸ್ಪಷ್ಟವಾಗಿ ಕಂಡಿತು, ಮಿಕ್ಕದ್ದೆಲ್ಲ ಮಸುಕಾಗಿತ್ತು. ನಾಚಿಕೆಯಾಯಿತು, ನಾಚಿಕೆಯಾದದ್ದು ನಿಜ, ಆದರೆ ಕಾಲು ನಿಲ್ಲಲಿಲ್ಲ.

ಅಕ್ಕ ನೆಲದ ಮೇಲೆಯೇ ಗೋಡೆಗೊರಗಿ ಕೂತಿದ್ದಳು, ಕೆನ್ನೆಯ ಮೇಲೆ ಹನಿ ಇಳಿದ ಗೆರೆ. "ಏನಂತೋ ಮರೀ? ಆ ಹುಡುಗಿ ಏನೂ ಹೇಳವಲ್ದು." ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಎಡಗಣ್ಣು ಹೋಗೇತಂತ ಅಕ್ಕಾ." ಅವಳು ತಲೆಯಾಡಿಸಿದಳು, ಅದು ಅವಳಿಗೆ ಗೊತ್ತಿದ್ದ ಸುದ್ದಿ. "ಬಲಗಣ್ಣಿಗೆ ಲೇಸರ್ ಹಾಕ್ತೀವಿ ಅಂತಾರ. ಇವತ್ತ." ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನನಗಿಂತ ಜಾಸ್ತಿ ಬಿಸಿ ಇಡ್ಬೇಕಂತ ನಿನಗ. ಹಳೇದಾಗೇತಲ್ಲ, ಅದಕ್ಕ. ಈಗ ನನಗ ಹಾಕಿದ್ರಲ್ಲ, ತಲಿ ಸೀಳಿದಂಗಾತು. ಕೈ ಕಾಲು ಕಟ್ತಾರ. ಬಾಯಾಗ ಬಟ್ಟಿ ಇಡ್ತಾರ. ನಿನ್ನ ವಯಸ್ಸಿಗೆ ಎದಿ ನಿಂತ್ರೂ ನಿಂತೀತು. ಉಳಿದೀತು ಅಂತನೂ ಖಾತ್ರಿ ಇಲ್ಲಂತ." ಅಕ್ಕನ ಕೈ ಅವನ ಮೊಣಕೈ ಹುಡುಕಿ ಹಿಡಿದುಕೊಂಡಿತು. "ಬಟ್ಟಿ ಇಡ್ತಾರ?" ಎಂದಳು. "ಹ್ಞೂಂ." "ಯಪ್ಪಾ ಬಸವಣ್ಣಾ." ಅವನು ಮನಸ್ಸಿನಲ್ಲಿ ಆಗಲೇ ಡಾಕ್ಟರಮ್ಮನ ಮುಂದೆ ನಿಂತು, ಎಷ್ಟು ಹೇಳಿದರೂ ಕೇಳಲಿಲ್ಲರಿ ಎನ್ನುತ್ತಿದ್ದ. ಮೂರೂವರೆಯ ಬಸ್ಸು ಸಿಗುತ್ತದೆ. "ಬ್ಯಾಡಾದ್ರ ಬ್ಯಾಡ ಅನ್ನು ಅಕ್ಕಾ. ಯಾರೂ ಜುಲ್ಮಿ ಮಾಡಂಗಿಲ್ಲ. ನಾ ಅದೀನಲ್ಲ, ನೋಡ್ಕೋತೀನಿ."

"ಮೂರು ಸಲ ತಡಕೊಂಡಿಯಲ್ಲೋ," ಎಂದಳು ಅಕ್ಕ. "ಅಷ್ಟು ನೋವು, ಮೂರು ಸಲ. ಒಂದು ಮುಳ್ಳು ಚುಚ್ಚಿದ್ರ ಊರು ಕೂಡ್ಸತಿದ್ದಿ ನೀ. ಅಂಥಾವ ತಡಕೊಂಡಿ ಅಂದಮ್ಯಾಲ, ನಾ ನಿನ್ನ ಎತ್ತಿ ಆಡಿಸ್ದಾಕಿ, ನಾ ತಡಕೊಳ್ಳದಿದ್ರ ಹೆಂಗೋ?" ಗೋಡೆಗೆ ಕೈಕೊಟ್ಟು ಎದ್ದಳು. ರೊಟ್ಟಿ ಗಂಟನ್ನು ಅವನ ಮಡಿಲಿಗಿಟ್ಟಳು. "ಬಟ್ಟಿ ಬ್ಯಾಡ ಅಂತ ಹೇಳ್ತೀನಿ. ಬಾಯಿ ಗಟ್ಟಿ ಮುಚ್ಕೋತೀನಿ ಅಂತ ಹೇಳ್ತೀನಿ." ಅವನು "ಅಕ್ಕಾ, ಅಕ್ಕಾ" ಎನ್ನುತ್ತ ಏಳುವುದರೊಳಗೆ ಭವ್ಯ ಬಂದು ಅವಳ ತೋಳು ಹಿಡಿದಾಗಿತ್ತು. ಅಕ್ಕನ ಬೆನ್ನು ಬಾಗಿಲೊಳಗೆ ಹೋಯಿತು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಆಮೇಲಿನ ಕಾಲುಗಂಟೆಯಲ್ಲಿ ಮರಿಸ್ವಾಮಿ ಅಕ್ಕನಿಗಾಗಿ ಪ್ರಾರ್ಥನೆ ಮಾಡಿದ. ನೋಯಲಿ ಎಂದು. ದೇವರೇ ಅವಳಿಗೆ ನೋಯಲಿ, ಚೀರುವಷ್ಟು ನೋಯಲಿ. ಕೆಲವರಿಗೆ ಬಹಳ ನೋಯುತ್ತದೆಂದು ಡಾಕ್ಟರಮ್ಮನೇ ಒಮ್ಮೆ ಹೇಳಿದ್ದರು; ಆ ಕೆಲವರಲ್ಲಿ ಇವಳೊಬ್ಬಳಾಗಲಿ. ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟ. ಒಂದು ಕೂಗು ಬಂದರೆ ಸಾಕಿತ್ತು, ಒಂದು "ಯವ್ವಾ" ಸಾಕಿತ್ತು, ಅವನು ಉಳಿಯುತ್ತಿದ್ದ. ಫ್ಯಾನಿನ ಸದ್ದು. ಪಟ್ಟಿ ಕಣ್ಣಿನವನು ಮಗಳೊಂದಿಗೆ ಫೋನಿನಲ್ಲಿ ಬದನೆಕಾಯಿಯ ವಿಷಯ ಮಾತಾಡುತ್ತಿದ್ದ. ಒಳಗಿನಿಂದ ಒಮ್ಮೆ ಅಕ್ಕನ ದನಿ ಕೇಳಿಸಿ ಮರಿಸ್ವಾಮಿ ಎದ್ದೇಬಿಟ್ಟ, ಅದು ನಗೆ. ಡಾಕ್ಟರಮ್ಮ ಏನೋ ಕೇಳಿದ್ದಾರೆ, ಇವಳು ಏನೋ ಹೇಳಿದ್ದಾಳೆ, ಇಬ್ಬರೂ ನಕ್ಕಿದ್ದಾರೆ. ತಾನು ಏನನ್ನು ಬೇಡುತ್ತಿದ್ದೇನೆ ಎಂಬುದು ಆಗ ಅವನಿಗೆ ತಿಳಿಯಿತು, ಪೂರ್ತಿಯಾಗಿ ತಿಳಿಯಿತು. ತಿಳಿದರೂ ಬೇಡುವುದನ್ನು ಬಿಡಲಿಲ್ಲ.

ಬಾಗಿಲು ತೆರೆಯಿತು. ಮುದುಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಣ್ಣಿನ ನೀರನ್ನು ಸೆರಗಿನಲ್ಲಿ ಒತ್ತಿಕೊಂಡಳು. ಡಾಕ್ಟರಮ್ಮ ಅವಳ ಹಿಂದೆಯೇ ಬಂದು, "ಶಭಾಷ್ ಅಮ್ಮ, ಇನ್ನೂ ಎರಡು ಸಲ ಬಂದರೆ ಆಯ್ತು," ಎಂದರು. ಅಕ್ಕ ತಿರುಗಿದಳು. "ಮುಗೀತೇನ್ರಿ?" "ಮುಗೀತು." "ಅಂದ್ರ, ಇನ್ನ ಸುಡೋದೈತಲ್ರಿ?" "ಸುಟ್ಟಾಯ್ತಮ್ಮ. ಅದೇ, ಹಸಿರು ಬೆಳಕು ಬಂತಲ್ಲ." "ಇಷ್ಟೇ ಏನ್ರಿ?" ಎಂದು ಕೇಳಿದಳು. "ಇಷ್ಟೇ." ಇನ್ನೊಂದು ಪ್ರಶ್ನೆ ಬರುತ್ತದೆಂದು ಮರಿಸ್ವಾಮಿಗೆ ಗೊತ್ತಿತ್ತು, ಅದು ಬಾರದಿರಲಿ ಎಂದು ಗಂಟನ್ನು ಬಿಗಿಯಾಗಿ ಹಿಡಿದುಕೊಂಡ. ಅದು ಬಂತು. "ಈ ಎಡಗಣ್ಣಿಗೂ ಹಿಂಗ ಹಾಕಿದ್ರ ಆಗಲ್ಲೇನ್ರಿ?" "ಅದಕ್ಕೆ ಹೊತ್ತು ಮೀರಿದೆ ಅಮ್ಮ. ಎರಡು ವರ್ಷದ ಹಿಂದೆ ಬಂದಿದ್ದರೆ ಅದೂ ಉಳೀತಿತ್ತು. ನೀವು ಹೆದರಿ ಬರಲಿಲ್ಲವಂತಲ್ಲ, ನಿಮ್ಮ ತಮ್ಮ ಹೇಳಿದರು." ಹೇಳಿ ಡಾಕ್ಟರಮ್ಮ ಒಳಗೆ ಹೋದರು, ಅವರಿಗೆ ಇನ್ನೂ ಹತ್ತು ಜನ ಕಾಯುತ್ತಿದ್ದರು.

ಮುದುಕಮ್ಮ ಬಂದು ನೀಲಿ ಕುರ್ಚಿಯನ್ನು ಕೈಯಿಂದ ಸವರಿ, ಅಳತೆ ನೋಡಿ, ಸರಿಯಾಗಿ ಕೂತಳು. ಅವನಿಂದ ಮೊಳ ದೂರ. ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೂ ಅವನ ಹನಿಯ ಕಣ್ಣಿಗೆ ಮುಖ ಕಾಣುತ್ತಿರಲಿಲ್ಲ, ಬರೀ ಬೆಳ್ಳನೆಯ ಒಂದು ಆಕಾರ. "ನಿನಗ ಕಮ್ಮಿ ಇಟ್ಟಾರಕ್ಕಾ," ಎಂದ ಅವನು. ತನ್ನ ದನಿ ತನಗೇ ಕೀರಲಾಗಿ ಕೇಳಿತು. "ಮೊದಲ್ನೇ ಸಲ ಅಂತ ಕಮ್ಮಿ ಇಟ್ಟಾರ. ಮುಂದಿನ ಸಲ ನೋಡು." ಬೈದಿದ್ದರೆ ಅವನು ಕಾಲಿಗೆ ಬೀಳುತ್ತಿದ್ದ. ಅತ್ತಿದ್ದರೆ ಅವನೂ ಅಳುತ್ತಿದ್ದ, ಅವಳಿಗಿಂತ ಜೋರಾಗಿ, ಅವಳೇ ಸಮಾಧಾನ ಮಾಡುವಷ್ಟು ಜೋರಾಗಿ. ಅವಳು ಎರಡನ್ನೂ ಮಾಡಲಿಲ್ಲ. ಭವ್ಯ ಹೊಸ ಫೈಲು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಬಂದು ಕೂತಳು. ಹೆಸರು, ಊರು, ವಯಸ್ಸು. ಮುದುಕಮ್ಮ ಒಂದೊಂದಾಗಿ ಹೇಳಿದಳು. "ಮುಂದಿನ ಬುಧವಾರ ಬರ್ಬೇಕಜ್ಜಿ. ಒಬ್ಬರೇ ಬರೋಹಾಗಿಲ್ಲ. ನಿಮ್ಮನ್ನ ಕರ್ಕೊಂಡು ಬರೋರು ಯಾರು, ಹೆಸರು ಹೇಳಿ."

"ನಾನ್ರಿ," ಎಂದು ಮರಿಸ್ವಾಮಿ ಮುಂದೆ ಬಾಗಿದ. "ಮ ರಿ ಸ್ವಾ ಮಿ ಅಂತ ಬರ್ಕೋರಿ."

"ಯಾರೂ ಇಲ್ಲವ್ವ," ಅಂದಳು ಮುದುಕಮ್ಮ.

ಭವ್ಯ ಪೆನ್ನೆತ್ತಿ ಅವನ ಕಡೆ ತೋರಿಸಿದಳು. "ಇವರು ನಿಮ್ಮ ತಮ್ಮ ಅಲ್ವಾ?"

ಅಕ್ಕ ತನ್ನ ಒಂದು ಕಣ್ಣನ್ನು ಅವನ ಕಡೆ ತಿರುಗಿಸಿದಳು, ಗುರುತು ಹಿಡಿಯಲು ನೋಡುವವಳ ಹಾಗೆ. "ಅವರು ಪೇಶಂಟು," ಅಂದಳು. "ನನ್ನ ಕೂಡ ಯಾರೂ ಬಂದಿಲ್ಲ. ಹಂಗ ಬರ್ಕೋ."

ಭವ್ಯ ಇಬ್ಬರನ್ನೂ ಒಮ್ಮೆ ನೋಡಿ, ಹಾಗೇ ಬರೆದುಕೊಂಡಳು.